ಸದರಿ, ಬಿನ್, ಆಚಂದ್ರಾರ್ಕ: ಕೋರ್ಟು ಕಚೇರಿ ಕನ್ನಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಪಹಣಿ, ಆಸ್ತಿ ಮಾರಾಟದ ಕ್ರಯಪತ್ರ, ಕೋರ್ಟಿನ ಸಮನ್ಸು, ಪೊಲೀಸರ ಎಫ್‌ಐಆರ್. ಇವುಗಳಲ್ಲಿ ಒಂದಾದರೂ ಒಂದಲ್ಲ ಒಂದು ದಿನ ಎಲ್ಲರ ಮನೆಗೂ ಬರುತ್ತದೆ. ಆಗ ಚೆನ್ನಾಗಿ ಕನ್ನಡ ಬಲ್ಲವರೂ 'ಇದೇನ್ರೀ ಇದು, ಯಾವ ಭಾಷೆ?' ಅಂತ ಕೇಳುತ್ತಾರೆ. ನನಗೆ ಈ ಕಾಗದಗಳ ಕನ್ನಡ ಅಂದರೆ ತುಂಬಾ ಪ್ರೀತಿ. ಅದರಲ್ಲಿ ನಗು ಬರಿಸುವ ಸಂಗತಿ ಬೇಕಾದಷ್ಟಿದೆ, ಅಷ್ಟೇ ಚರಿತ್ರೆಯೂ ಇದೆ. ನೆಂಟರು, ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಿಮ್ಮದೇ ಜಮೀನು, ನಿಮ್ಮದೇ ಕೇಸು ಅಂತ ಬಂದಾಗ ಮಾತ್ರ ದಯವಿಟ್ಟು ವಕೀಲರನ್ನೇ ಕೇಳಿ.

ನಮ್ಮ ಪಹಣಿಯಲ್ಲಿ ತಾತನ ಹೆಸರಾದ ಮೇಲೆ 'ಬಿನ್' ಅಂತ ಇದೆ. ಇದೇನು?

ಬಿನ್ ಅಂದರೆ ಮಗ. ಅರಬ್ಬಿ ಪದ. 'ಕೆಂಚಪ್ಪ ಬಿನ್ ಲೇಟ್ ಬೋರೇಗೌಡ' ಅಂದರೆ ತೀರಿಕೊಂಡ ಬೋರೇಗೌಡರ ಮಗ ಕೆಂಚಪ್ಪ. ಇರೋದು ನಾಲ್ಕೇ ಪದ, ಅದರಲ್ಲಿ ಮೂರು ಭಾಷೆ. ಮದುವೆಯಾದ ಹೆಂಗಸಿನ ಹೆಸರಾದ ಮೇಲೆ 'ಕೋಂ' ಬರುತ್ತದೆ, ಇಂಥವರ ಹೆಂಡತಿ ಅಂತ ಅರ್ಥ. ಒಬ್ಬರಿಗೆ ಎರಡು ಹೆಸರಿದ್ದರೆ ನಡುವೆ 'ಉರುಫ್' ಅಥವಾ 'ಯಾನೆ' ಬಂದು ಕೂರುತ್ತದೆ.

ದೇವಸ್ಥಾನದಲ್ಲಿ ಗೋತ್ರ ಕೇಳುತ್ತಾರೆ, ನಾಡಕಚೇರಿಯಲ್ಲಿ ಬಿನ್ ಕೇಳುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ನೋಡದೆ ಎಲ್ಲರ ಅಪ್ಪನನ್ನೂ ಒಂದೇ ಪದದಿಂದ ಗುರುತಿಸುವ ಈ ಪದ್ಧತಿ ನನಗೆ ಬಹಳ ಇಷ್ಟ.

ಇಷ್ಟೊಂದು ಅರಬ್ಬಿ, ಪಾರ್ಸಿ ಪದ ಕನ್ನಡಕ್ಕೆ ಹೇಗೆ ಬಂದವು?

ಆಳಿದವರ ಲೆಕ್ಕದ ಪುಸ್ತಕದಿಂದ ಬಂದವು. 1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು, ಕಲಬುರಗಿ ಅದರ ರಾಜಧಾನಿ ಆಯಿತು. ಆಮೇಲೆ ವಿಜಯಪುರದ ಆದಿಲಶಾಹಿಗಳು, ಶಿರಾದಲ್ಲಿ ಮೊಗಲರು, ಶ್ರೀರಂಗಪಟ್ಟಣದಲ್ಲಿ ಹೈದರ್ ಮತ್ತು ಟಿಪ್ಪು. ಉತ್ತರ ಕರ್ನಾಟಕದಲ್ಲಿ ಮರಾಠರ ಆಡಳಿತವೂ ಇಂಥ ಪದಗಳನ್ನೇ ಬಳಸಿತು. ಬ್ರಿಟಿಷರು ಬಂದಾಗ ಕಂದಾಯ ವಸೂಲಿಗೆ ಈ ಪದಗಳು ಆಗಲೇ ಸಿದ್ಧವಾಗಿದ್ದವು. ಅವರೂ ಅವನ್ನೇ ಮುಂದುವರಿಸಿದರು.

ಹೀಗೆ ತಹಶೀಲ್ದಾರ್, ಶಿರಸ್ತೇದಾರ್, ವಕೀಲ, ಅರ್ಜಿ, ಜಾಮೀನು, ಜಪ್ತಿ, ಹಾಜರು, ತಕರಾರು, ಮಂಜೂರು, ವಜಾ, ರಾಜಿ ಎಲ್ಲ ನಮ್ಮವಾದವು. 'ಕಾನೂನು' ಇನ್ನೂ ದೂರದಿಂದ ಬಂದದ್ದು. ಅದರ ಮೂಲ ಗ್ರೀಕ್, ಅಲ್ಲಿಂದ ಅರಬ್ಬಿಗೆ ಹೋಗಿ ಕೊನೆಗೆ ನಮ್ಮ ತಾಲ್ಲೂಕು ಕಚೇರಿ ತಲುಪಿತು.

ಕನ್ನಡ ಇವನ್ನು ಸುಮ್ನೆ ಎರವಲು ತಂದುಕೊಂಡು ಇಟ್ಟುಕೊಳ್ಳಲಿಲ್ಲ. ಪಾರ್ಸಿಯ 'ದಾರ' ಎಂಬ ಬಾಲವನ್ನು ಕಿತ್ತು ತನ್ನ ಪದಗಳಿಗೂ ಅಂಟಿಸಿತು. ಪಾಲು ನಮ್ಮದು, ಪಾಲುದಾರ ಇಬ್ಬರದ್ದೂ. ಗುತ್ತಿಗೆದಾರ ಕೂಡ ಹಾಗೇ. ಕಕ್ಷಿ ಸಂಸ್ಕೃತದ್ದು, ಕಕ್ಷಿದಾರ ಕನ್ನಡದ ಕೋರ್ಟಿನಲ್ಲಿ ಹುಟ್ಟಿದವನು.

ಈ ವಾಕ್ಯ ನೋಡಿ: 'ಡಿಕ್ರಿ ಜಾರಿಗೆ ಅಮೀನ ಬಂದು ಜಪ್ತಿ ಮಾಡಿದ.' ತೀರ್ಪು ನಡೆಸಲು ಕೋರ್ಟಿನ ನೌಕರ ಬಂದು ಸ್ವತ್ತು ವಶಕ್ಕೆ ತೆಗೆದುಕೊಂಡ ಅಂತ ಅರ್ಥ. ಡಿಕ್ರಿ ಇಂಗ್ಲಿಷ್. ಜಾರಿ, ಅಮೀನ, ಜಪ್ತಿ ಅರಬ್ಬಿ ಕಡೆಯಿಂದ ಬಂದವು. ಕನ್ನಡದ್ದು ಅಂತ ಇರೋದು 'ಗೆ', 'ಬಂದು', 'ಮಾಡಿದ' ಅಷ್ಟೇ. ಆದರೂ ಇದನ್ನು ಕನ್ನಡಿಗರ ಹೊರತು ಬೇರೆ ಯಾರೂ ಅರ್ಥ ಮಾಡಿಕೊಳ್ಳಲಾರರು. ಜನರಿಗೆ ಗೊತ್ತಿರುವ ಇಂಥ ಪದಗಳನ್ನು ತೆಗೆದು ಹಾಕಿ ಸಂಸ್ಕೃತದ ಹೊಸ ಪದ ಕಟ್ಟುವುದು ಬೇಡ ಅಂತ ನನ್ನ ಅಭಿಪ್ರಾಯ. ಜಾಮೀನು ಅಂದರೆ ಹಳ್ಳಿಯ ಅಜ್ಜಿಗೂ ಗೊತ್ತು.

'ಸದರಿ' ಇಲ್ಲದೆ ಕಾಗದ ಬರೆಯೋಕೆ ಆಗಲ್ವಾ?

ಆಗುತ್ತದೆ. ಆದರೆ ಅದು ಯಾಕೆ ಅಷ್ಟೊಂದು ಬರುತ್ತದೆ ಅಂತ ತಿಳಿದರೆ ಸಿಟ್ಟು ಕಡಿಮೆಯಾಗುತ್ತದೆ. ಸದರಿ ಅಂದರೆ ಮೇಲೆ ಹೇಳಿದ, ಅದೇ. 'ಅವರು ಅವರಿಗೆ ಅವರ ಜಮೀನನ್ನು ಮಾರಿದರು' ಅಂತ ಬರೆದರೆ ಯಾರು ಯಾರಿಗೆ ಯಾರ ಜಮೀನು ಮಾರಿದರು? ಮನೆಮಾತಿನಲ್ಲಿ ಕೈ ತೋರಿಸಿ ಹೇಳಬಹುದು. ಕಾಗದಕ್ಕೆ ಕೈ ಇಲ್ಲ. ಆ ಕೆಲಸವನ್ನು ಸದರಿ ಮಾಡುತ್ತದೆ. 'ಸದರಿ ಸ್ವತ್ತನ್ನು ಸದರಿಯವರಿಂದ ಸದರಿ ದಿನದಂದು' ಅಂತ ಓದುವಾಗ ನಗು ಬರುತ್ತದೆ ನಿಜ. ಆದರೆ ಮೂವತ್ತು ವರ್ಷ ಆದಮೇಲೆ ಆ ಕಾಗದ ಕೋರ್ಟಿಗೆ ಹೋದಾಗ ಯಾವ ಸ್ವತ್ತು, ಯಾವ ದಿನ ಅನ್ನುವ ಗೊಂದಲ ಇರುವುದಿಲ್ಲ.

'ಮಾಡತಕ್ಕದ್ದು', 'ಬರತಕ್ಕದ್ದು' ಎಂಬ 'ತಕ್ಕದ್ದು' ಕೂಡ ಹೀಗೇ. ಮಾಡಬಹುದು ಅಂದರೆ ಬಿಡಲೂಬಹುದು. ತಕ್ಕದ್ದು ಅಂದರೆ ಮಾಡಲೇಬೇಕು.

ಉದ್ದ ವಾಕ್ಯ ಓದಲು ಒಂದು ದಾರಿ ಹೇಳುತ್ತೇನೆ. ಪೆನ್ಸಿಲ್ ತೆಗೆದುಕೊಂಡು ಪ್ರತಿ 'ಸದರಿ'ಯ ಮೇಲೂ ಅದು ಯಾರನ್ನು ಅಥವಾ ಯಾವುದನ್ನು ಹೇಳುತ್ತದೆ ಅಂತ ಬರೆಯಿರಿ. ಯಾವುದಾದರೂ ಒಂದಕ್ಕೆ ಉತ್ತರ ಸಿಗದಿದ್ದರೆ ಆ ಕಾಗದಕ್ಕೆ ಸಹಿ ಹಾಕಬೇಡಿ. ಪತ್ರಬರಹಗಾರರನ್ನು ಕೇಳಿ, ತಿದ್ದಿಸಿ. ದುಡ್ಡು ಕೊಡುವವರು ನೀವು, ಕೇಳುವ ಹಕ್ಕು ನಿಮ್ಮದು.

ನನ್ನ ಸೈಟಿನ ಕ್ರಯಪತ್ರದಲ್ಲಿ 'ನಿಧಿ ನಿಕ್ಷೇಪ ಜಲ ಪಾಷಾಣ' ಅಂತ ಬರೆದಿದ್ದಾರೆ. ಸೈಟಿನಲ್ಲಿ ನಿಧಿ ಇದೆಯಾ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಇದರ ಹಿಂದೆ ನೂರಾರು ವರ್ಷದ ಕಥೆ ಇದೆ.

ಇವನ್ನು ಅಷ್ಟಭೋಗ ಅನ್ನುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಒಟ್ಟು ಎಂಟು. ನೆಲದಲ್ಲಿ ಸಿಗುವ ನಿಧಿ, ಹೂತಿಟ್ಟ ಸಂಪತ್ತು, ನೀರು, ಕಲ್ಲು, ಕಡಿಮೆಯಾಗದ ಆದಾಯ, ಮುಂದೆ ಬರುವ ಆದಾಯ, ಈಗಾಗಲೇ ಕೈಗೆ ಬಂದಿರುವುದು, ದುಡಿದರೆ ಕೈಗೆ ಬರಬಹುದಾದದ್ದು. ಭೂಮಿ ಕೊಟ್ಟವನು ಅದರ ಜೊತೆ ಈ ಎಂಟನ್ನೂ ಕೊಟ್ಟ ಅಂತ ಇದರ ಅರ್ಥ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಇದೇ ಎಂಟು ಪದಗಳನ್ನು ಕಾಣಬಹುದು. ಕಲ್ಲಿನ ಮೇಲಿದ್ದ ಒಕ್ಕಣೆ ತಾಮ್ರದ ತಗಡಿಗೆ, ಅಲ್ಲಿಂದ ಓಲೆಗೆ, ಕಡತಕ್ಕೆ, ಛಾಪಾ ಕಾಗದಕ್ಕೆ ಬಂತು. ಈಗ ಕಂಪ್ಯೂಟರಿನಲ್ಲಿ ಟೈಪ್ ಆಗುತ್ತಿದೆ. ರಾಜ ಅಗ್ರಹಾರ ಕೊಟ್ಟಾಗ ಬಳಸಿದ ಮಾತನ್ನೇ ನಿಮ್ಮ ಮೂವತ್ತು ಅಡಿಗೆ ನಲವತ್ತು ಅಡಿಯ ಸೈಟಿಗೂ ಬಳಸಿದ್ದಾರೆ. ಹೆಮ್ಮೆ ಪಡಿ.

ಇನ್ನು ನಿಧಿಯ ವಿಷಯ. ಪಾಯ ತೆಗೆಯುವಾಗ ಬಂಗಾರದ ಕೊಡ ಸಿಕ್ಕರೆ ಅದು ನಿಮ್ಮದು ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲೇ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದಿತ್ತು. ಇವತ್ತಿಗೂ ಕರ್ನಾಟಕದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಕ್ರಯಪತ್ರದ ಮೊದಲ ಎರಡು ಪದಗಳಿಗೆ ಅಷ್ಟರ ಮಟ್ಟಿಗೆ ಬಲ ಕಡಿಮೆಯಾಗಿದೆ.

'ಆಚಂದ್ರಾರ್ಕ' ಅಂದರೆ ನಿಜವಾಗಲೂ ಸೂರ್ಯ ಚಂದ್ರ ಇರೋವರೆಗೂ ಜಮೀನು ನನ್ನದೇನಾ?

ಒಕ್ಕಣೆ ಹಾಗೇ ಹೇಳುತ್ತದೆ. 'ಆಚಂದ್ರಾರ್ಕವಾಗಿ ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.' ಆಸ್ತಿ ಕೊಳ್ಳುವವನಿಗೆ 'ಸುಖದಿಂದ' ಇರು ಅಂತ ಹರಸುವ ಕಾನೂನಿನ ಕಾಗದ ಎಷ್ಟು ಚೆಂದ ಅಲ್ವಾ? ಹಳೆಯ ಶಾಸನದ ಕಲ್ಲುಗಳ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರುವುದನ್ನು ನೀವು ನೋಡಿರಬಹುದು. ಅದೇ ಮಾತಿನ ಚಿತ್ರ ಅದು. ಓದು ಬಾರದವನಿಗೂ ಇದು ಶಾಶ್ವತ ಅಂತ ಗೊತ್ತಾಗಲಿ ಅಂತ.

ಆಗ ಸಬ್‌ರಿಜಿಸ್ಟ್ರಾರ್ ಇರಲಿಲ್ಲ. ದಾನ ಕೊಟ್ಟ ಭೂಮಿಯನ್ನು ಮುಂದೆ ಯಾರಾದರೂ ಕಿತ್ತುಕೊಂಡರೆ ಏನು ಮಾಡುವುದು? ಅದಕ್ಕೆ ಶಾಪ ಬರೆಸುತ್ತಿದ್ದರು. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಸಂಸ್ಕೃತ ಶ್ಲೋಕ ನೂರಾರು ಶಾಸನಗಳಲ್ಲಿದೆ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು, ಅಂದರೆ ಕಂದು ಹಸುಗಳನ್ನು, ಕೊಂದ ಪಾಪ ಬರುತ್ತದೆ ಅಂತ ಕನ್ನಡದಲ್ಲೂ ಬರೆಸುತ್ತಿದ್ದರು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ರದು, ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಊರು ಬಿಟ್ಟುಕೊಟ್ಟ ದಾಖಲೆ ಅದು. ಅದರಲ್ಲೂ ಇದನ್ನು ಕೆಡಿಸಿದವನಿಗೆ ಮಹಾಪಾತಕ ಅಂತ ಇದೆ. ನಾವು ಎದೆಯುಬ್ಬಿಸಿ ಹೇಳಿಕೊಳ್ಳುವ ನಮ್ಮ ಹಳೆಯ ಕನ್ನಡ ಬರಹ ಒಂದು ಭೂಮಿಯ ಕಾಗದ! ನಮ್ಮ ಭಾಷೆಗೂ ಕಂದಾಯ ಇಲಾಖೆಗೂ ನಂಟು ಅಷ್ಟು ಹಳೆಯದು.

ಆದರೆ ಈಗಿನ ಕಾನೂನು ಸೂರ್ಯ ಚಂದ್ರರನ್ನು ಕಾಯುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನಿಮ್ಮ ಜಾಗವನ್ನು ಬೇರೊಬ್ಬರು ನಿಮ್ಮ ಒಪ್ಪಿಗೆ ಇಲ್ಲದೆ, ಬಹಿರಂಗವಾಗಿ, ತಮ್ಮದೇ ಅಂತ 12 ವರ್ಷ ಹಿಡಿದುಕೊಂಡಿದ್ದರೆ, ನೀವು ಸುಮ್ಮನಿದ್ದರೆ, ನಿಮ್ಮ ಹಕ್ಕೇ ಹೋಗಬಹುದು. ಅಮೆರಿಕದಲ್ಲೋ ದುಬೈನಲ್ಲೋ ಇದ್ದುಕೊಂಡು ಊರಲ್ಲಿ ಸೈಟು ಇಟ್ಟವರು ಇದನ್ನು ಗಮನಿಸಬೇಕು. ಬೇಲಿ ಹಾಕಿಸಿ, ಕಂದಾಯ ಕಟ್ಟಿ, ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿ.

ಚಕ್ಕುಬಂದಿಯಲ್ಲಿ 'ಪೂರ್ವಕ್ಕೆ ಹುಣಸೆಮರ' ಅಂತ ಇದೆ. ಮರ ಈಗ ಇಲ್ಲ. ಏನು ಮಾಡೋದು?

ಇದು ನಗುವ ವಿಷಯವೂ ಹೌದು, ಅಣ್ಣತಮ್ಮಂದಿರು ಮಾತು ಬಿಡುವ ವಿಷಯವೂ ಹೌದು. ಚಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಗಡಿ. ಹಳೆಯ ಪತ್ರಗಳಲ್ಲಿ ಮರ, ಹಳ್ಳ, ಬಂಡಿದಾರಿ, ಪಕ್ಕದ ಹೊಲದವನ ಹೆಸರು ಇರುತ್ತದೆ. ಮರ ಬೀಳುತ್ತದೆ, ದಾರಿ ಟಾರು ರಸ್ತೆಯಾಗುತ್ತದೆ, ಪಕ್ಕದವನು ಮಾರಿ ಪಟ್ಟಣ ಸೇರುತ್ತಾನೆ. ಪತ್ರ ಮಾತ್ರ ಹುಣಸೆಮರವನ್ನೇ ಹಿಡಿದುಕೊಂಡಿರುತ್ತದೆ.

ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಗಡಿಗೂ ತಾಳೆಯಾಗದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಗಡಿಗೇ ಜಾಸ್ತಿ ಬೆಲೆ ಕೊಡುತ್ತವೆ. ಹಾಗಾಗಿ ಚಕ್ಕುಬಂದಿಯನ್ನು ಹಗುರವಾಗಿ ನೋಡಬೇಡಿ. ಹೊಸ ಪತ್ರ ಮಾಡಿಸುವಾಗ ಹಳೆಯದನ್ನು ಹಾಗೇ ನಕಲು ಮಾಡಿಸಬೇಡಿ. ಸರ್ವೆಗೆ ಅರ್ಜಿ ಹಾಕಿ, ಅಳತೆ ಮಾಡಿಸಿ, ಗಡಿ ಗುರುತಿನ ಬಾಂದು ಕಲ್ಲು ಎಲ್ಲಿದೆ ನೋಡಿಸಿ. ಊರಲ್ಲಿ ಆ ಹುಣಸೆಮರ ಎಲ್ಲಿತ್ತು ಅಂತ ಗೊತ್ತಿರುವ ಹಿರಿಯರು ಇದ್ದರೆ ಇವತ್ತೇ ಕರೆದುಕೊಂಡು ಹೋಗಿ ತೋರಿಸಿಕೊಳ್ಳಿ.

ಮೈಸೂರಿನವರು ಗುಂಟೆ ಅಂತಾರೆ, ಮಂಗಳೂರಿನವರು ಸೆಂಟ್ಸ್ ಅಂತಾರೆ. ಬೀಗರು ಮಾತಾಡಿಕೊಳ್ಳೋದು ಹೇಗೆ?

ಎಕರೆಯಲ್ಲಿ ಮಾತಾಡಿಕೊಂಡರೆ ಜಗಳವಿಲ್ಲ. ಒಂದು ಎಕರೆಗೆ 40 ಗುಂಟೆ ಅಥವಾ 100 ಸೆಂಟ್ಸ್. ಒಂದು ಗುಂಟೆ ಅಂದರೆ ಎರಡೂವರೆ ಸೆಂಟ್ಸ್. ಗುಂಟೆ ಉದ್ದ 33 ಅಡಿ, ಅಗಲ 33 ಅಡಿ, ಒಟ್ಟು 1089 ಚದರ ಅಡಿ. ಒಂದು ಗುಂಟೆಗೆ 16 ಆಣೆ. ರೂಪಾಯಿಯಿಂದ ಆಣೆ ಹೋಗಿ ಎಷ್ಟೋ ಕಾಲವಾಯಿತು, ಪಹಣಿಯಲ್ಲಿ ಇನ್ನೂ ಚಲಾವಣೆಯಲ್ಲಿದೆ. ಬೆಂಗಳೂರಿನ ಮೂವತ್ತು ನಲವತ್ತು ಸೈಟು 1200 ಚದರ ಅಡಿ, ಒಂದು ಗುಂಟೆಗಿಂತ ಚೂರು ಜಾಸ್ತಿ, ಸುಮಾರು ಎರಡೂ ಮುಕ್ಕಾಲು ಸೆಂಟ್ಸ್.

ಪಹಣಿಗೇ ಬೇರೆ ಬೇರೆ ಹೆಸರಿದೆ. ಹಳೇ ಮೈಸೂರಿನಲ್ಲಿ ಪಹಣಿ, ಬೆಳಗಾವಿ ಧಾರವಾಡ ಕಡೆ ಉತಾರ, ಕರಾವಳಿಯಲ್ಲಿ ಆರ್‌ಟಿಸಿ. ಕಾಗದ ಒಂದೇ. ಅದರಲ್ಲಿ 'ಖರಾಬು' ಅಂತ ಕಂಡರೆ ಮಣ್ಣು ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಉಳುಮೆಗೆ ಬಾರದ ಭಾಗ ಅದು. 'ಅ' ಖರಾಬು ಬಂಡೆ, ದಿಣ್ಣೆಯಂಥದ್ದು. 'ಬ' ಖರಾಬು ದಾರಿ, ಹಳ್ಳದಂಥದ್ದು, ಅದು ಸಾರ್ವಜನಿಕರದ್ದು. 'ಬ' ಖರಾಬನ್ನೂ ನಿಮ್ಮದೇ ಅಂತ ತೋರಿಸಿ ಮಾರಲು ಬಂದರೆ ಕೊಳ್ಳಬೇಡಿ.

ಐಪಿಸಿ ಹೋಯ್ತಲ್ಲ, ಇನ್ನು 'ಫೋರ್ ಟ್ವೆಂಟಿ' ಅಂತ ಬೈಯೋ ಹಾಗಿಲ್ವಾ?

ಬೈಗುಳಕ್ಕೆ ಕಾಯ್ದೆ ಬೇಕಾಗಿಲ್ಲ. ಆದರೆ ವಿಷಯ ಸ್ವಾರಸ್ಯವಾಗಿದೆ. 1860ರ ಭಾರತೀಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 420ನೇ ಕಲಂ ಮೋಸದ ಬಗ್ಗೆ ಇತ್ತು. 1862ರ ಜನವರಿಯಿಂದ 2024ರ ಜೂನ್‌ವರೆಗೆ ಅದು ಜಾರಿಯಲ್ಲಿತ್ತು. ಕೋರ್ಟು ಮೆಟ್ಟಿಲು ಹತ್ತದವರ ಬಾಯಲ್ಲೂ ಮೋಸಗಾರನಿಗೆ ಇದೇ ಹೆಸರಾಯಿತು. ಬಡ್ಡಿ ವ್ಯಾಪಾರಿ, ಬ್ರೋಕರ್, ಕ್ಲಾಸಿನಲ್ಲಿ ಪೆನ್ನು ಕದ್ದ ಹುಡುಗ, ಎಲ್ಲರೂ ಫೋರ್ ಟ್ವೆಂಟಿ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಮೋಸಕ್ಕೆ 318ನೇ ಕಲಂ. 420 ಅನ್ನುವ ಕಲಂ ಇಲ್ಲವೇ ಇಲ್ಲ, ಯಾಕೆಂದರೆ ಹೊಸ ಸಂಹಿತೆ 358ಕ್ಕೇ ಮುಗಿಯುತ್ತದೆ. ಹಳೆಯದರಲ್ಲಿ 511 ಇದ್ದವು. ಕೊಲೆಯ 302 ಈಗ 103 ಆಗಿದೆ. ಗಲಾಟೆಯಾದಾಗ ಹಾಕುವ '144' ಇದ್ದದ್ದು ಐಪಿಸಿಯಲ್ಲಲ್ಲ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ; ಅದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಆದರೆ ಜನ '144 ಹಾಕಿದಾರೆ' ಅಂತಲೇ ಹೇಳುತ್ತಾರೆ. '163 ಹಾಕಿದಾರೆ' ಅಂದರೆ ಯಾರೂ ಅಂಗಡಿ ಬಾಗಿಲು ಮುಚ್ಚುವುದಿಲ್ಲ. ಯಾರನ್ನಾದರೂ 'ತ್ರೀ ಏಟೀನ್' ಅಂದರೆ ಬಸ್ ನಂಬರ್ ಅಂದುಕೊಳ್ಳುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಬಾಯಲ್ಲಿ ಆಡಿದ ಸಂಖ್ಯೆ ಅಷ್ಟು ಸುಲಭಕ್ಕೆ ಹೋಗದು. 2024ರ ಜುಲೈಗೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಕಲಂಗಳೇ ಅನ್ವಯ, ಹಾಗಾಗಿ ಕೋರ್ಟಿನಲ್ಲೂ 420 ಇನ್ನೂ ಕೆಲವು ಕಾಲ ಕೇಳಿಸುತ್ತದೆ.

ದೂರಿನಲ್ಲಿ 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಅಂದರೆ ಸಾಕಾ? ಬೈಗುಳವನ್ನೇ ಬರೆಯಬೇಕಾ?

ಮರ್ಯಾದಸ್ಥರಿಗೆ ಇದು ಬಲು ಕಷ್ಟದ ಪ್ರಶ್ನೆ. ಠಾಣೆಯ ಕನ್ನಡಕ್ಕೆ ತನ್ನದೇ ಒಂದು ಧಾಟಿ ಇದೆ: 'ಏಕಾಏಕಿ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಗಳಿಂದ ಹೊಡೆದು, ಕಾಲಿನಿಂದ ಒದ್ದು, ಪ್ರಾಣ ಬೆದರಿಕೆ ಹಾಕಿರುತ್ತಾರೆ.' ಎಲ್ಲ ಜಗಳಕ್ಕೂ ಇದೇ ಸಾಲು ಹೊಂದುತ್ತದೆ. ಆದರೆ ಬೇಕೆಂದೇ ಅವಮಾನ ಮಾಡಿ ಕೆರಳಿಸಿದ್ದಾರೆ ಅನ್ನುವ ಆರೋಪದಲ್ಲಿ, ಆಡಿದ ಮಾತು ಯಾವುದು ಅಂತ ದೂರಿನಲ್ಲೇ ಇರಬೇಕು ಎಂದು ಕೋರ್ಟುಗಳು ಹೇಳಿದ್ದುಂಟು. ಮಾತು ಗೊತ್ತಿಲ್ಲದೆ ಅದು ಎಷ್ಟು ಕೆರಳಿಸಿತು ಅಂತ ನ್ಯಾಯಾಧೀಶರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ನಾಚಿಕೆ ಬಿಟ್ಟು, ಅವರು ಆಡಿದ ಹಾಗೇ ಬರೆಯಿರಿ. ಬಾಯಲ್ಲಿ ಹೇಳಲು ಆಗದಿದ್ದರೆ ಬರೆದು ಕೊಡಿ. ಇಲ್ಲಿ ಒಂದು ಮುಖ್ಯ ವಿಷಯ: ನೀವು ಬಾಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಂಡರೆ, ಅದನ್ನು ನಿಮಗೆ ಓದಿ ಹೇಳಬೇಕು, ಆಮೇಲೆ ನಿಮ್ಮ ಸಹಿ. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಗಂಭೀರ ಅಪರಾಧದ ದೂರನ್ನು ತೆಗೆದುಕೊಳ್ಳಬೇಕು. ಇವೆಲ್ಲ ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿವೆ.

ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ನಾನು ಯಾರು?

ನೀವು ನೀವೇ. ಅದನ್ನು ಸಾಬೀತು ಮಾಡಲು ಅಫಿಡವಿಟ್ ಬೇಕು ಅಷ್ಟೇ.

ನಮ್ಮ ಹೆಸರಿನ ಪದ್ಧತಿ ಕಂಪ್ಯೂಟರಿಗೆ ಒಗ್ಗುವುದಿಲ್ಲ. ಎಂ. ಆರ್. ನಾಗರಾಜ ಅಂದರೆ ಎಂ ಮದ್ದೂರು, ಆರ್ ಅಪ್ಪನ ಹೆಸರು ರಾಮಯ್ಯ. ಊರು ಮೊದಲು, ಅಪ್ಪ ಆಮೇಲೆ, ನಾನು ಕೊನೆಗೆ. ಎಷ್ಟು ವಿನಯದ ಹೆಸರು! ಆದರೆ ಪಾಸ್‌ಪೋರ್ಟ್ ಅರ್ಜಿ 'ಸರ್‌ನೇಮ್' ಕೇಳುತ್ತದೆ. ಮದ್ದೂರು ಅಂತ ತುಂಬಿದರೆ ವಿದೇಶದ ವಿಮಾನ ನಿಲ್ದಾಣದಲ್ಲಿ 'ಮಿಸ್ಟರ್ ಮದ್ದೂರು' ಅಂತ ಕೂಗುತ್ತಾರೆ. ಅಲ್ಲೇ ಹುಟ್ಟಿದ ಮಕ್ಕಳೂ ಮದ್ದೂರು ಆಗುತ್ತಾರೆ. ವಡೆ ತಿನ್ನದ ಮಗುವಿನ ಹೆಸರಲ್ಲೂ ಮದ್ದೂರು ಉಳಿಯುತ್ತದೆ. ನನಗಂತೂ ಇದು ಖುಷಿಯ ಸಂಗತಿ.

ಇನ್ನು ಹೆಸರಿನ ಬಾಲ. ಶಾಲೆಯಲ್ಲಿ ನಾಗರಾಜ, ವೋಟರ್ ಲಿಸ್ಟಿನಲ್ಲಿ ನಾಗರಾಜು, ಪಹಣಿಯಲ್ಲಿ ನಾಗರಾಜಪ್ಪ, ಊರಲ್ಲಿ ನಾಗಣ್ಣ. ಆಸ್ತಿ ಭಾಗವಾಗುವ ದಿನ ಈ ನಾಲ್ವರೂ ಒಬ್ಬರೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಇದನ್ನು ತಪ್ಪಿಸಲು ಒಂದೇ ದಾರಿ. ಮಗು ಹುಟ್ಟಿದಾಗ ಜನನ ಪ್ರಮಾಣಪತ್ರದಲ್ಲಿ ಪೂರ್ತಿ ಹೆಸರು ಬರೆಸಿ, ಇಂಗ್ಲಿಷ್ ಕಾಗುಣಿತವನ್ನು ಒಂದೇ ಸಲ ತೀರ್ಮಾನ ಮಾಡಿ, ಆಮೇಲೆ ಎಲ್ಲ ಕಡೆ ಅದನ್ನೇ ಬಳಸಿ. ಹೆಸರಿಡುವ ಶಾಸ್ತ್ರ ತಡವಾದರೂ ಚಿಂತೆಯಿಲ್ಲ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ.

ನಮ್ಮ ಮನೆಯ ಹಿರಿಯರೆಲ್ಲ ಜೂನ್ 1ಕ್ಕೇ ಹೇಗೆ ಹುಟ್ಟಿದರು?

ಅವರನ್ನು ಶಾಲೆಗೆ ಸೇರಿಸಿದ ಮೇಷ್ಟ್ರ ಕೃಪೆ. ಮನೆಯವರಿಗೆ 'ಮಳೆ ಜೋರಾಗಿ ಬಂದ ವರ್ಷ, ದೀಪಾವಳಿ ಆದ ಮೇಲೆ' ಅಂತ ಗೊತ್ತಿತ್ತು. ದಾಖಲಾತಿ ಪುಸ್ತಕಕ್ಕೆ ತಾರೀಕು ಬೇಕಿತ್ತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಬರುವ ವಯಸ್ಸು ಆಗಿದೆ ಅಂತ ಲೆಕ್ಕ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ತಾರೀಕು ಜೂನ್ 1 ಅಂತ ಬರೆದರೆ ಎಣಿಸಲು ಸುಲಭ.

ಇದರ ಫಲ ನಿವೃತ್ತಿಯಲ್ಲಿ ಕಾಣುತ್ತದೆ. ತಿಂಗಳ ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಅಂತ ನಿಯಮ. ಹಾಗಾಗಿ ಮೇ 31 ಬಂತೆಂದರೆ ಕಚೇರಿ, ಶಾಲೆಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಎಲ್ಲಿಲ್ಲದ ಬೇಡಿಕೆ. ಮುಂದಿನ ಪೀಳಿಗೆಯಲ್ಲಿ ಇದು ಇರುವುದಿಲ್ಲ. 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಶಾಲೆ, ಲೈಸೆನ್ಸ್, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ದಾಖಲೆ.

ಕನ್ನಡದಲ್ಲಿ ಸಹಿ ಹಾಕಿದರೆ, ಚೆಕ್ ಬರೆದರೆ ನಡೆಯುತ್ತಾ?

ಖಂಡಿತ ನಡೆಯುತ್ತದೆ. ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ರಾಜ್ಯದ ಭಾಷೆಯಲ್ಲಿ ಬರೆಯಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ವಿಜಯನಗರದ ಅರಸರ ತಾಮ್ರಶಾಸನಗಳನ್ನು ನೋಡಿ. ಒಕ್ಕಣೆ ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿ ಇದ್ದರೂ ಕೊನೆಗೆ 'ಶ್ರೀ ವಿರೂಪಾಕ್ಷ' ಅನ್ನುವ ರುಜು ಮಾತ್ರ ಕನ್ನಡ ಅಕ್ಷರದಲ್ಲಿರುತ್ತದೆ. ಅಂಥ ಸಾಮ್ರಾಜ್ಯವೇ ಕನ್ನಡದಲ್ಲಿ ರುಜು ಹಾಕಿದೆ. ನೀವು ಧೈರ್ಯವಾಗಿ ಹಾಕಿ. ಎಲ್ಲ ಕಡೆ ಒಂದೇ ರೀತಿ ಇರಲಿ ಅಷ್ಟೇ.

ಕೋರ್ಟಿನಲ್ಲಿ ನನ್ನ ಕೇಸು ಕನ್ನಡದಲ್ಲಿ ನಡೆಯುತ್ತಾ?

ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡ ಬಳಸಬಹುದು, ಬಳಸುತ್ತಾರೆ ಕೂಡ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್. ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ನಿಮಗೆ ಬರುವ ಕನ್ನಡದಲ್ಲೇ ಹೇಳಿ. ಇಂಗ್ಲಿಷ್ ಬೇಕಾಗಿಲ್ಲ, ಪುಸ್ತಕದ ಕನ್ನಡವೂ ಬೇಕಾಗಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ಅರ್ಥವಾಗುವ ಭಾಷೆಯಲ್ಲಿ ಅದನ್ನು ಅಲ್ಲೇ ತಿಳಿಸಬೇಕು ಅಂತ ಕಾನೂನೇ ಹೇಳುತ್ತದೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದ 2019ರಿಂದ ಅದರ ಜಾಲತಾಣದಲ್ಲಿ ಸಿಗುತ್ತಿದೆ. ತನ್ನ ಬದುಕಿನ ತೀರ್ಪನ್ನು ಮನುಷ್ಯ ತನ್ನ ಭಾಷೆಯಲ್ಲಿ ಓದಬೇಕು. ಈ ವಿಷಯದಲ್ಲಿ ನಾವು ಇನ್ನೂ ಬಹಳ ದೂರ ಹೋಗಬೇಕಾಗಿದೆ.

'ಗೆದ್ದವನು ಸೋತ, ಸೋತವನು ಸತ್ತ' ಅನ್ನೋ ಗಾದೆ ನಿಜಾನಾ?

ವಾಯಿದೆ ಮೇಲೆ ವಾಯಿದೆ ಬಿದ್ದು ಚಪ್ಪಲಿ ಸವೆಸಿದವರು ಕಟ್ಟಿದ ಗಾದೆ ಅದು. ಅದನ್ನು ಸುಳ್ಳು ಮಾಡುವ ದಾರಿಯೂ ಇದೆ. 1987ರ ಕಾನೂನು ಸೇವೆಗಳ ಕಾಯ್ದೆಯ ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಅಂದರೆ ಹೇಗೆ ಅಳೆಯೋದು?

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕಾಗುಣಿತ ಸರಿಯಿರಬೇಕು ಅಂತ ಕಾಯ್ದೆ ಹೇಳದಿದ್ದರೂ ದಯವಿಟ್ಟು ಬರೆಸುವ ಮುಂಚೆ ಯಾರಿಗಾದರೂ ತೋರಿಸಿ. ಹತ್ತು ಅಡಿ ಅಗಲದ ತಪ್ಪು ದೂರದಿಂದಲೇ ಕಾಣುತ್ತದೆ.

ಅರ್ಜಿಯ ಕೊನೆಗೆ 'ತಮ್ಮ ವಿಧೇಯ' ಅಂತ ಬರೆಯಲೇಬೇಕಾ?

ಯಾವ ಕಾಯ್ದೆಯೂ ಹಾಗೆ ಹೇಳಿಲ್ಲ. 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರು ಮಾಡುವುದೂ ಕಡ್ಡಾಯವಲ್ಲ. ಕುಂದುಕೊರತೆಯ ಅರ್ಜಿಯನ್ನು ನಮ್ಮ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲೇ ಇದೆ. ಹಾಗಾಗಿ ಸರಳವಾಗಿ ಬರೆಯಿರಿ. ನಾನು ಇಂಥವನು, ಇಂಥ ಊರು, ನನಗೆ ಇಂಥದ್ದು ಬೇಕು, ಇಂಥ ದಾಖಲೆ ಜೊತೆಗಿದೆ. ತಾರೀಕು, ಫೋನ್ ನಂಬರ್, ಸಹಿ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಅದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.

ಸರ್ಕಾರಿ ಕೆಲಸ ಗೊತ್ತುಪಡಿಸಿದ ದಿನದೊಳಗೆ ಆಗಬೇಕು ಅನ್ನುವ ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಸ್ವೀಕೃತಿ ನಂಬರ್ ಕೇಳಿ ಪಡೆಯಿರಿ. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ನಂಬರ್ ಇಲ್ಲದೆ ಕೇಳಲು ಆಗುವುದಿಲ್ಲ, ಚೀಟಿಯನ್ನು ಜೋಪಾನವಾಗಿಡಿ.